ಪೆಪ್ಪರಮೆಂಟು: ಯಾರ ಕೈಯಿಂದ ಯಾರ ಕೈಗೆ?

ನಮ್ಮ ಮಕ್ಕಳ ಕಥೆಗಳಲ್ಲಿ ಪೆಪ್ಪರಮೆಂಟು ಅಂದರೆ ಬಹುಮಾನ. ಪುಟ್ಟ ಮಗ್ಗಿ ಒಪ್ಪಿಸಿದ, ಅಜ್ಜ ಜುಬ್ಬದ ಜೇಬಿಗೆ ಕೈ ಹಾಕಿದ. ಈ ಅಜ್ಜನಿಗೆ ಯಾವಾಗಲೂ ಜುಬ್ಬ ಇರುತ್ತೆ, ಜೇಬಲ್ಲಿ ಕಾಸೂ ಇರುತ್ತೆ. ಅಜ್ಜನ ಗದ್ದೇಲಿ ಕಳೆ ಕೀಳೋಳ ಮಗ ಆ ಕಥೆಯೊಳಕ್ಕೆ ಬರೋದೇ ಅಪರೂಪ. ಬಂದರೆ ಕದ್ದು ಸಿಕ್ಕಿಬಿದ್ದು ಬುದ್ಧಿ ಕಲಿಯೋಕೆ ಬರ್ತಾನೆ.

ಪೆಪ್ಪರಮೆಂಟು ಎಂಬುದು ಪುದೀನ ಜಾತಿಯ ಒಂದು ಗಿಡದ ಹೆಸರು. ಹಳ್ಳಿ ಅಂಗಡಿಯ ಗಾಜಿನ ಭರಣೀಲಿ ಅದು ಬರೀ ಸಕ್ಕರೆ, ಬಣ್ಣ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ. ಆ ಸಕ್ಕರೆಯ ಚರಿತ್ರೆಯನ್ನು ನಾವು ಶಾಲೇಲಿ ಓದಿದ್ದು ದಿವಾನರ, ಎಂಜಿನಿಯರರ ಹೆಸರಿನಲ್ಲಿ. ಕಬ್ಬು ಕಡಿದವರ ಮಕ್ಕಳ ನಾಲಿಗೆಗೆ ಆ ಸಿಹಿ ಹೇಗೆ ತಲುಪಿತು ಅನ್ನೋದು ಪಾಠದಲ್ಲಿರಲಿಲ್ಲ.

ಜಿ.ಪಿ. ರಾಜರತ್ನಂ ಅವರನ್ನು ನಾವು ತಳ್ಳಿಹಾಕುವುದಿಲ್ಲ. ಮಕ್ಕಳ ಪದ್ಯದ ಪುಸ್ತಕಕ್ಕೆ 'ಕಡಲೆಪುರಿ' ಅಂತ ಹೆಸರಿಟ್ಟವರು ಅವರು. ಸಂತೆಯಿಂದ ಬರೋ ಅಪ್ಪನ ಟವಲಿನ ಗಂಟಲ್ಲಿ ಇರೋ ತಿಂಡಿ ಅದು. ಆದರೆ ಕುಡುಕ ರತ್ನನ ಬಾಯಿಗೆ ಬೀದಿಯ ಕನ್ನಡ ಕೊಟ್ಟ ಅದೇ ಕವಿ ಮಕ್ಕಳ ಬಾಯಿಗೆ ತೊಳೆದಿಟ್ಟ ಕನ್ನಡ ಕೊಟ್ಟರು. 'ತುತ್ತೂರಿ'ಯ ಹುಡುಗ ಕಾಸು ಕೊಟ್ಟು ಕೊಂಡ, ಮೆರೆದ, ಜಂಬ ಮುರಿಯಿತು. ಕಾಸೇ ಇಲ್ಲದವನ ಜಂಬ ಹುಟ್ಟೋಕೆ ಮುಂಚೆನೇ ಮುರಿದಿರುತ್ತೆ, ಅದಕ್ಕೆ ಪದ್ಯ ಬೇಕಿಲ್ಲ.

ಕೇರಿಯ ಮಗು ಅಂಗಡಿ ಮುಂದೆ ನಿಂತಾಗ ಏನಾಗುತ್ತೆ? ಕಾಸನ್ನು ಜಗಲಿ ಮೇಲೆ ಇಡಬೇಕು. ಪೆಪ್ಪರಮೆಂಟು ಮೇಲಿಂದ ಬೀಳುತ್ತೆ. ಬೊಗಸೆ ತಪ್ಪಿದರೆ ಮಣ್ಣಿಗೆ. ಮಗು ಒರೆಸಿಕೊಂಡು ಬಾಯಿಗೆ ಹಾಕ್ಕೊಳುತ್ತೆ. 'ಅದೆಲ್ಲ ಹಳೇ ಕಾಲದ್ದು' ಅನ್ನೋರು ಕೇಳಿ: 2022ರ ಸೆಪ್ಟೆಂಬರಿನಲ್ಲಿ ಪಕ್ಕದ ತಮಿಳುನಾಡಿನ ತೆಂಕಾಸಿ ಜಿಲ್ಲೆಯ ಒಂದು ಹಳ್ಳಿಯ ಅಂಗಡಿಯವನು ದಲಿತ ಮಕ್ಕಳಿಗೆ 'ನಿಮಗೆ ತಿಂಡಿ ಕೊಡಲ್ಲ, ಊರ ಕಟ್ಟುಪಾಡು' ಎಂದ. ವಿಡಿಯೋ ಹೊರಬಿತ್ತು, ಬಂಧನವಾಯಿತು, ಅಂಗಡಿಗೆ ಬೀಗ ಬಿತ್ತು. ವಿಡಿಯೋ ಇಲ್ಲದ ಅಂಗಡಿಗಳ ಲೆಕ್ಕ ಇಡೋರು ಯಾರು?

ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆಯವರು ಕದ್ದು ತಂದ ಕಡಲೆಕಾಯನ್ನು ಸುತ್ತ ಕೂತು ರಾತ್ರಿಯೆಲ್ಲ ತಿನ್ನುತ್ತಾರೆ. ಅಲ್ಲಿ ಯಾರೂ ನೀತಿ ಹೇಳೋಲ್ಲ. ಹಸಿದವರು ಹಬ್ಬ ಮಾಡುತ್ತಾರೆ. ಮಕ್ಕಳಿಗೆ ಬರೆಯೋರು ಮೊದಲು ಆ ಪುಟಗಳನ್ನು ಓದಬೇಕು ಅನ್ನೋದು ನಮ್ಮ ವಾದ.

ಆಮೇಲೆ ಒಂದು ಶನಿವಾರ ಸಂಜೆ ಗೊರಗುಂಟೆಪಾಳ್ಯಕ್ಕೆ ಬರಲಿ. ತುಮಕೂರು ರಸ್ತೆಗೆ ಹೊರವರ್ತುಲ ರಸ್ತೆ ಕೂಡೋ ಜಾಗ. ಪೀಣ್ಯದ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಊರ ಬಸ್ಸಿಗೆ ಕಾಯ್ತಾ ಮಕ್ಕಳಿಗೆ ಅಂತ ಏನಾದರೂ ಕಟ್ಟಿಸ್ಕೋತಾರೆ. 25 ಪೈಸೆಯ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. 'ಚಿಲ್ಲರೆ ಇಲ್ಲಮ್ಮ, ಇದನ್ನ ತಗೊ' ಅನ್ನೋದು ನಿಲ್ಲಲಿಲ್ಲ. ಹಾಗೆ ಅವಳ ಕೂಲಿಯ ಒಂದು ಚೂರು ಪೆಪ್ಪರಮೆಂಟಾಗಿ ಬಸ್ ಹತ್ತುತ್ತೆ. ಇಲ್ಲಿ ಅಂಗಡಿಯವನು ಎಸೆಯಲ್ಲ, ಕೈಗೇ ಕೊಡ್ತಾನೆ. ಪಟ್ಟಣ ಕೊಟ್ಟಿರೋದು ಇಷ್ಟು. (ಬಾಡಿಗೆ ಮನೆ ಕೇಳೋವಾಗ ಜಾತಿ ಕೇಳುತ್ತೆ, ಅದು ಬೇರೆ.)

ಕೈಗೆ ಇಸ್ಕೊಂಡ ಈ ತಾಯಿ, ಊರಲ್ಲಿ ಬೊಗಸೆ ಒಡ್ಡೋ ಆ ಮಗು. ಇವರಿಬ್ಬರ ಕಥೆಯನ್ನು ನಾವು ಕಾಯ್ತಿದ್ದೇವೆ. ಹಳ್ಳಿ ಶಾಲೆಯ ಮೇಷ್ಟರೇ, ಆಗಸ್ಟ್ 15ಕ್ಕೆ ಪೆಪ್ಪರಮೆಂಟು ಹಂಚೋರು ನೀವೇ. ಮಾರನೇ ದಿನ ಮಕ್ಕಳ ಕೈಲಿ ಅವರೂರ ಅಂಗಡಿಯ ಕಥೆ ಬರೆಸಿ. ಕಾಗುಣಿತ ತಿದ್ದಬೇಡಿ, ಹಾಗೇ ಕಳಿಸಿ.