ಬಿಳಿ ಗೋಡೆಯ ಮೇಲಿನ ಕತ್ತಲು

ಹಿರಿಯೂರಿನ ಭಾವನ ಮನೆಗೆ ಪ್ರೊಜೆಕ್ಟರ್ ಬಂದ ದಿನ ಮೊದಲು ಹಾಕಿದ್ದು ‘ನಾಗರಹಾವು’. ನಮ್ಮ ಕಡೆ ಬೇರೆ ಯಾವುದನ್ನು ಹಾಕುತ್ತಾರೆ! ತರಾಸು ಅವರ ಕಾದಂಬರಿಗಳನ್ನು ಆಧರಿಸಿ 1972ರಲ್ಲಿ ಪುಟ್ಟಣ್ಣ ಕಣಗಾಲ್ ನಮ್ಮ ಚಿತ್ರದುರ್ಗದ ಬಂಡೆಗಳ ನಡುವೆಯೇ ತೆಗೆದ ಸಿನಿಮಾ ಅದು. ಓಬವ್ವನ ಭಾಗ ಬಂತು. ಜಯಂತಿ ಒನಕೆ ಹಿಡಿದು ನಿಂತರು. ಆದರೆ ಬಂಡೆಯೂ ಬೂದಿ ಬಣ್ಣ, ನೆರಳೂ ಬೂದಿ ಬಣ್ಣ. “ಇನ್ನೂ ಜಾಸ್ತಿ ಲುಮೆನ್ಸ್ ಇರೋದು ತರಬೇಕಿತ್ತು ಕಣಯ್ಯ” ಅಂದರು ಭಾವ. ನನಗೆ ಹಾಗನ್ನಿಸಲಿಲ್ಲ. ಮಷಿನ್ ಚೆನ್ನಾಗಿಯೇ ಇತ್ತು. ಕೋಣೆ ಅದಕ್ಕೆ ಸಹಕರಿಸುತ್ತಿರಲಿಲ್ಲ.

ಪ್ರೊಜೆಕ್ಟರ್ ಬೆಳಕನ್ನು ಚೆಲ್ಲಬಲ್ಲದು, ಕಪ್ಪನ್ನು ಚೆಲ್ಲಲಾರದು. ಅದನ್ನು ಆರಿಸಿದಾಗ ಆ ಕೋಣೆಯಲ್ಲಿ ಪರದೆ ಎಷ್ಟು ಕಪ್ಪಗೆ ಕಾಣುತ್ತದೋ, ಸಿನಿಮಾದ ಕಪ್ಪು ಅದಕ್ಕಿಂತ ಕಪ್ಪಾಗುವುದೇ ಇಲ್ಲ. ಭಾವನ ಹಾಲಿನಲ್ಲಿ ನಾಲ್ಕೂ ಗೋಡೆ ಬಿಳಿ, ತಾರಸಿಯ ಒಳಮೈ ಬಿಳಿ, ನೆಲಕ್ಕೆ ಮಿರುಗುವ ಟೈಲ್ಸ್. ಪರದೆಗೆ ಬಿದ್ದ ಬೆಳಕು ಅಲ್ಲಿಂದ ಚಿಮ್ಮಿ, ಗೋಡೆಗೆ ತಾಗಿ, ತಿರುಗಿ ಪರದೆಗೇ ಬಂದು ನೆರಳನ್ನು ತೊಳೆದುಹಾಕುತ್ತದೆ. ಲುಮೆನ್ಸ್, ಅಂದರೆ ಪ್ರೊಜೆಕ್ಟರ್ ಚೆಲ್ಲುವ ಬೆಳಕಿನ ಪ್ರಮಾಣ, ಹೆಚ್ಚಿಸಿದರೆ ಹಾಗೆ ಮರಳಿ ಬರುವ ಬೆಳಕೂ ಹೆಚ್ಚುತ್ತದೆ.

ಲೆಕ್ಕ ಹಾಕಿಯೇ ನೋಡಬಹುದು. ಡಿಜಿಟಲ್ ಚಿತ್ರಮಂದಿರದ ಪರದೆಗೆ ಇಟ್ಟಿರುವ ಅಳತೆ, ಸಾದಾ ಬಿಳಿ ಪರದೆಯ ಲೆಕ್ಕದಲ್ಲಿ, ಚದರಡಿಗೆ 14 ಲುಮೆನ್ಸ್. 100 ಇಂಚಿನ 16:9 ಪರದೆ 87 ಇಂಚು ಅಗಲ, 49 ಇಂಚು ಎತ್ತರ. ಅಂದರೆ ಹತ್ತಿರಹತ್ತಿರ 30 ಚದರಡಿ. ಅದಕ್ಕೆ ಬೇಕಾದದ್ದು ಸುಮಾರು 420 ಲುಮೆನ್ಸ್. ದೀಪ ಹಳತಾಗುತ್ತದೆ, ಸಿನಿಮಾ ಮೋಡ್‌ಗೆ ಹಾಕಿದರೆ ಬೆಳಕು ಇಳಿಯುತ್ತದೆ. ಹಾಗಾಗಿ ಮೂರುಪಟ್ಟು ಇಟ್ಟುಕೊಳ್ಳಿ. ಆದರೂ ಕತ್ತಲ ಕೋಣೆಗೆ 1,300ರ ಆಸುಪಾಸು ಧಾರಾಳ. ಆದರೆ ಅದು ಆನ್ಸಿ ಅಥವಾ ಐಎಸ್ಒ ಮಾನದಂಡದ ಲುಮೆನ್ಸ್ ಆಗಿರಬೇಕು. ಅಗ್ಗದ ಡಬ್ಬಿಗಳ ಮೇಲೆ ಬರಿದೇ ‘ಲುಮೆನ್ಸ್’ ಎಂದು ಅಚ್ಚಾದ ಸಾವಿರಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘4ಕೆ ಸಪೋರ್ಟ್’ ಕೂಡ ಹಾಗೆಯೇ. ಅದು 4ಕೆ ಸಿಗ್ನಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂದಷ್ಟೇ ಅರ್ಥ. ಕೇಳಬೇಕಾದದ್ದು ನೇಟಿವ್ ರೆಸಲ್ಯೂಷನ್, ಅಂದರೆ ಯಂತ್ರದ ಸ್ವಂತ ಪಿಕ್ಸೆಲ್‌ಗಳು, ಎಷ್ಟು ಎಂದು.

ಹೊಳಲ್ಕೆರೆಯ ಚಿಕ್ಕಪ್ಪ ಎಡವಿದ್ದು ಬೇರೆ ಕಡೆ. ಅವರ ಕೋಣೆ ಗೋಡೆಯಿಂದ ಗೋಡೆಗೆ 11 ಅಡಿ. ತಂದ ಮಷಿನ್ನಿನ ಥ್ರೋ ರೇಷಿಯೋ 1.5. ಪರದೆಯ ಅಗಲವನ್ನು ಇದರಿಂದ ಗುಣಿಸಿದರೆ ಲೆನ್ಸ್ ಎಷ್ಟು ದೂರದಲ್ಲಿರಬೇಕು ಎಂಬುದು ಸಿಗುತ್ತದೆ. 100 ಇಂಚಿಗೆ ಅದು 10 ಅಡಿ 11 ಇಂಚು! ಲೆನ್ಸಿನ ಹಿಂದೆ ಮಷಿನ್ನಿನ ಮೈ ಇದೆ, ಕೇಬಲ್ಲು ಇದೆ, ಬಿಸಿ ಗಾಳಿ ಹೊರಹೋಗಲು ಜಾಗ ಬೇಕು. 1.2ರದ್ದಾಗಿದ್ದರೆ 8 ಅಡಿ 9 ಇಂಚಿಗೆ ಮುಗಿಯುತ್ತಿತ್ತು. ಕೊನೆಗೆ ಮೂಲೆಯ ಬೀರುವಿನ ಮೇಲಿಟ್ಟು, ಓರೆಯಾದ ಚಿತ್ರವನ್ನು ಕೀಸ್ಟೋನ್ ಒತ್ತಿ ನೆಟ್ಟಗೆ ಮಾಡಿದರು. ಅಳವಡಿಸಲು ಬರುವವರು ಇದನ್ನು ದೊಡ್ಡ ಅನುಕೂಲವೆಂಬಂತೆ ತೋರಿಸುತ್ತಾರೆ. ಆದರೆ ಕೀಸ್ಟೋನ್ ಚಿತ್ರವನ್ನು ಕುಗ್ಗಿಸಿ ಮಡಚುತ್ತದೆ, ಕೊಂಡ ಪಿಕ್ಸೆಲ್‌ಗಳಲ್ಲಿ ಒಂದಷ್ಟು ಸುಮ್ಮನೆ ಕಪ್ಪಾಗಿ ಕೂರುತ್ತವೆ, ಉಪಶೀರ್ಷಿಕೆಯ ಅಕ್ಷರದ ಅಂಚು ಒಡೆಯುತ್ತದೆ. ಅಂಗಡಿಗೆ ಹೋಗುವ ಮುಂಚೆ ಟೇಪು ಹಿಡಿದು ಕೋಣೆ ಅಳೆದಿದ್ದರೆ ಸಾಕಿತ್ತು. ಇನ್ನೊಂದು: ಅವರ ಮಷಿನ್ನಿನಲ್ಲಿ ಹೈ ಆಲ್ಟಿಟ್ಯೂಡ್ ಮೋಡ್ ಯಾರೋ ಹಾಕಿಟ್ಟಿದ್ದರು, ಫ್ಯಾನು ಬೊರ್ರೆನ್ನುತ್ತಿತ್ತು. ಅದು ಸಾಮಾನ್ಯವಾಗಿ 1,500 ಮೀಟರಿಗಿಂತ ಎತ್ತರದ ಊರುಗಳಿಗೆ. ನಮ್ಮ ಸೀಮೆಗೆ ಬೇಕಿಲ್ಲ.

ನಮಗೆ ನಿಜವಾಗಿ ಬೇಕಾದ ಎಚ್ಚರ ಧೂಳಿನದು. ಹೊಸದುರ್ಗದ ಸೋದರತ್ತೆಯದು ಮಣ್ಣಿನ ಮಾಳಿಗೆ ಮನೆ. ಜಂತೆಗಳ ಸಂದಿಯಿಂದ ದಿನವೂ ಒಂದಿಷ್ಟು ಮಣ್ಣು ಉದುರುತ್ತದೆ. ಅಲ್ಲಿ ಫಿಲ್ಟರ್ ತೆಗೆದು ತೊಳೆಯಲು ಬರುವ ಎಲ್‌ಸಿಡಿ ಯಂತ್ರವೋ, ಬೆಳಕಿನ ದಾರಿಯನ್ನು ಪೂರ್ತಿ ಮುಚ್ಚಿರುವ ಯಂತ್ರವೋ ಇರಬೇಕು. ಇಲ್ಲದಿದ್ದರೆ ಒಳಗೆ ಕೂತ ಒಂದು ಕಣವೂ ಪರದೆಯ ಮೇಲೆ ಮಸುಕು ಕಲೆಯಾಗಿ ಸಿನಿಮಾ ಪೂರ್ತಿ ನಿಲ್ಲುತ್ತದೆ. ಕರೆಂಟ್ ಹೋಗುವುದೂ ಉಂಟಲ್ಲ. ದೀಪದ ಮಷಿನ್ನಿಗೆ ಆರಿದ ಮೇಲೂ ಫ್ಯಾನು ತಿರುಗಿ ತಣಿಯಬೇಕು. ಯುಪಿಎಸ್ ಇಲ್ಲದೆ ಅದನ್ನು ಇಡಬಾರದು. ಲೇಸರಿನದಕ್ಕೆ ಆ ತಾಪತ್ರಯ ಕಡಿಮೆ, ಬಾಳಿಕೆಯೂ 20,000 ಗಂಟೆ ಎನ್ನುತ್ತಾರೆ. ದುಡ್ಡಿದ್ದರೆ ನನ್ನ ಮತ ಅದಕ್ಕೇ.

ಇನ್ನು ಪರದೆಯ ಆಕಾರದ ಮಾತು. ಸಿನಿಮಾಸ್ಕೋಪ್ ಅಳತೆಯ ಉದ್ದನೆಯ ಪರದೆ ಈಗ ಶೋಕಿ. ಆದರೆ ನಮ್ಮ ಮನೆಗಳಲ್ಲಿ ನೋಡುವುದು ಯಾವ ಸಿನಿಮಾ? ಕನ್ನಡಕ್ಕೆ ಸ್ಕೋಪ್ ಬಂದದ್ದೇ 1977ರ ‘ಸೊಸೆ ತಂದ ಸೌಭಾಗ್ಯ’ದಿಂದ. ಅದಕ್ಕೆ ಹಿಂದಿನ ಚಿತ್ರಗಳ ಹಳೆಯ ಚೌಕಟ್ಟು 1.37ಕ್ಕೆ 1. ಅಂಥ ಚಿತ್ರ ಅದೇ 100 ಇಂಚಿನ 16:9 ಪರದೆಯಲ್ಲಿ 67 ಇಂಚು ಅಗಲ, 49 ಇಂಚು ಎತ್ತರಕ್ಕೆ ತುಂಬಿ ನಿಲ್ಲುತ್ತದೆ. ಅದೇ 87 ಇಂಚು ಅಗಲದ ಸ್ಕೋಪ್ ಪರದೆಯಲ್ಲಿ 51ಕ್ಕೆ 37 ಆಗಿ ನಡುವೆ ಮುದುಡಿಕೊಳ್ಳುತ್ತದೆ. ರಾಜ್‌ಕುಮಾರರ, ಪುಟ್ಟಣ್ಣನವರ ಹಳೆಯ ಚಿತ್ರಗಳನ್ನು ಪ್ರೀತಿಸುವವರು ಸ್ಕೋಪ್ ಪರದೆ ಕೊಳ್ಳುವುದು ತಪ್ಪೆಂದೇ ನನ್ನ ತೀರ್ಮಾನ. ‘ನಾಗರಹಾವು’ ಚಿತ್ರದ ಅಶ್ವಥ್ ಅವರ ಚಾಮಯ್ಯ ಮೇಷ್ಟ್ರ ಮುಖಕ್ಕೆ ಬೇಕಾದದ್ದು ಎತ್ತರ.

ಕಪ್ಪಿನ ಪಾಠ ನನಗೆ ಮೊದಲು ಸಿಕ್ಕಿದ್ದು ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ. ಸುತ್ತ ಕತ್ತಲಿದ್ದರೆ ಸಣ್ಣ ದೀಪವೂ ನಟನ ಮುಖದ ಮೇಲೆ ಎಷ್ಟು ಕೆಲಸ ಮಾಡುತ್ತದೆ! ಭಾವನ ಮನೆಯಲ್ಲಿ ಎರಡನೇ ಸಲ ಕೂತಾಗ ನಾವು ಮಷಿನ್ ಬದಲಿಸಲಿಲ್ಲ. ಪರದೆಯ ಎದುರಿಗೆ ತಾರಸಿಯ ಒಳಮೈಗೆ ನಾಲ್ಕು ಅಡಿಯಷ್ಟು ಹೊಳಪಿಲ್ಲದ ಕಡುಬಣ್ಣ ಬಳಿದೆವು, ಟೈಲ್ಸಿನ ಮೇಲೆ ಜಮಖಾನ ಹಾಸಿದೆವು. ಎರಡು ಬದಿಯ ಗೋಡೆಗೆ ಚಳ್ಳಕೆರೆ ಕಡೆಯ ಕರಿ ಕಂಬಳಿ ಇಳಿಬಿಟ್ಟೆವು. ಒರಟು ಕುರಿ ಉಣ್ಣೆ, ಒಂದಿಷ್ಟೂ ಮಿರುಗದು. ಟಾರ್ಚ್ ಬಿಟ್ಟು ನೋಡಿದೆ, ಬೆಳಕು ಅದರೊಳಗೇ ಇಂಗಿತು. ಕೋಣೆಯ ಗಿಂಗುಡುವಿಕೆಯೂ ತಗ್ಗಿ ಮಾತು ಬಿಡಿಬಿಡಿಯಾಗಿ ಕೇಳತೊಡಗಿತು. ಆಮೇಲೆ ಅದೇ ಓಬವ್ವನ ಭಾಗ ಹಾಕಿದೆವು. ಕಲ್ಲಿನ ಸಂದಿ ಕಪ್ಪಗಿತ್ತು. ಒನಕೆ ಆ ಕಪ್ಪಿನ ಮುಂದೆ ಬೇರೆಯಾಗಿ ಕಂಡಿತು.