ಬಣ್ಣಕ್ಕೆ ಮೊದಲಿನ ಗೆರೆ

ಶೆಟ್ಟಿಹಳ್ಳಿಯ ಮಿತ್ರರೊಬ್ಬರ ನಡುಮನೆಯಲ್ಲಿ, ಚಿನ್ನದ ರೇಕಿನಿಂದ ಥಳಥಳಿಸುವ ದೇವರ ಪಟಗಳ ನಡುವೆ, ಬಣ್ಣದ ಸೋಂಕನ್ನೇ ಅರಿಯದ ಹಳೆಯ ಹಾಳೆಯೊಂದು ತೂಗುತ್ತಿದೆ. ಅದು ಮೈಸೂರು ಸಂಪ್ರದಾಯದ ಗಿರಿಜಾಕಲ್ಯಾಣದ ಪೂರ್ವರೇಖೆ. ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಪಡೆದ ಇದ್ದಿಲಿನಿಂದಲೇ ಆ ಕಾಲದ ಚಿತ್ರಕಾರರು ಮೊದಲ ಆಕೃತಿಯನ್ನು ಮೂಡಿಸುತ್ತಿದ್ದರು. ವರ್ಣಗಳೂ, ಸಫೇದ ಮತ್ತು ಗೋಂದು ಬೆರೆಸಿದ ತೆಳುವಾದ ಉಬ್ಬುಗೆಲಸವೂ, ಅದರ ಮೇಲಿನ ಸುವರ್ಣವೂ ಆಮೇಲಿನ ಮಾತು.

ಧಾರೆಯೆರೆಯುತ್ತಿರುವ ಹಿಮವಂತನ ಕೈಯನ್ನು ಕಲಾವಿದನು ಎರಡು ಸಲ ಬರೆದಿರುವನು. ಮೊದಲನೆಯದು ತುಸು ಮೇಲಿದ್ದು, ಕೊಡುವ ದರ್ಪವನ್ನು ಸೂಚಿಸುತ್ತದೆ. ಎರಡನೆಯದು ಬಾಗಿ, ಮಗಳನ್ನು ಒಪ್ಪಿಸುವ ತಂದೆಯ ನಡುಕವನ್ನು ಹಿಡಿದಿದೆ. ಅಳಿಸದೆ ಉಳಿದ ಆ ಮೊದಲ ಗೆರೆಯೇ ನನಗೆ ಅತ್ಯಂತ ಪ್ರಿಯ: ಪೂರ್ಣಗೊಂಡ ಪಟದಲ್ಲಿ ಇಂಥ ಅನುಮಾನವು ವರ್ಣದಡಿ ಹೂತುಹೋಗಿರುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಆಂಗ್ಲ ಚಿತ್ರಕಾರ ಬರ್ನ್-ಜೋನ್ಸನೂ (1833–1898) ಗ್ರೀಕರ ಪರ್ಸಿಯಸನ ಕಥೆಯನ್ನು ಬಣ್ಣಕ್ಕಿಳಿಸುವ ಮುನ್ನ ಸೀಸದ ಕಡ್ಡಿಯಿಂದ ಹೀಗೆಯೇ ತಡವರಿಸಿದನು. ಆದರೆ ಅವನ ಮುಂದೆ ರೂಪದರ್ಶಿಗಳು ನಿಲ್ಲುತ್ತಿದ್ದರು. ನಮ್ಮವನಿಗೆ ಧ್ಯಾನಶ್ಲೋಕವೇ ರೂಪದರ್ಶಿ.

ಬೊಗಸೆಯಾದ ಗಿರಿಜೆಯ ಕೈಬೆರಳುಗಳಂತೂ ಒಂದೇ ಉಸಿರಿನ ಗೆರೆಗಳು. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಮೈಸೂರು ಪಟಗಳನ್ನು ನೋಡಹೋಗುವ ವಾಚಕರು ಚಿನ್ನಕ್ಕೆ ಬೆರಗಾಗುವ ಮುನ್ನ ಕೈಬೆರಳುಗಳನ್ನು ಒಮ್ಮೆ ನಿಂತು ನೋಡಲಿ.