ಸಾಬೂನಿನ ಉಪಮೆಯೂ ಶಿಲಾರಂಧ್ರದ ತೈಲವೂ: ಒಂದು ವಿಮರ್ಶೆ

ಭೂಗರ್ಭದ ಶಿಲೆಗಳಲ್ಲಿ ಸಿಕ್ಕಿಕೊಂಡ ಖನಿಜತೈಲವನ್ನು ಹೊರತರಲು ಸರ್ಫ್ಯಾಕ್ಟಂಟುಗಳನ್ನು, ಎಂದರೆ ಎಣ್ಣೆನೀರುಗಳು ಸಂಧಿಸುವ ಮೈಯಲ್ಲಿ ನೆಲೆಸಿ ಅಲ್ಲಿಯ ಎಳೆತವನ್ನು ತಗ್ಗಿಸುವ ದ್ರವ್ಯಗಳನ್ನು, ಬಳಸುವ ವಿಚಾರವು ನಮ್ಮ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳಿಗೂ ಬಂದು ಮುಟ್ಟಿದೆ. ಅದರಲ್ಲಿಯೂ ಅಂಟುವಾಳದಿಂದ ಪಡೆದ ಸಾಪೋನಿನ್ನಿನ ಮೇಲೆ ವಿದ್ಯಾರ್ಥಿಗಳಿಗೆ ವಿಶೇಷವಾದ ಒಲವು. ಕಾಯಿ ಅಗ್ಗ, ಉಪಕರಣ ಅಲ್ಪ, ವಿಷಯವು ದೇಶೀಯ. ಇಂಥ ಪ್ರಬಂಧಗಳು ಬಹುಮಟ್ಟಿಗೆ ಒಂದೇ ಮಾತಿನಿಂದ ಮೊದಲಾಗುತ್ತವೆ: ಸಾಬೂನು ಬಟ್ಟೆಯ ಜಿಡ್ಡನ್ನು ಬಿಡಿಸುವಂತೆ ಸರ್ಫ್ಯಾಕ್ಟಂಟು ಕಲ್ಲಿನ ಎಣ್ಣೆಯನ್ನು ಬಿಡಿಸುತ್ತದೆ. ಈ ಉಪಮೆಯು ಸುಳ್ಳಲ್ಲ. ಆದರೆ ತಿಳಿಸಿದ್ದಕ್ಕಿಂತ ಮರೆಸಿದ್ದು ಹೆಚ್ಚು. ಅದನ್ನು ಸ್ವಲ್ಪ ಪರೀಕ್ಷಿಸಬೇಕೆಂಬುದು ಈ ಲೇಖನದ ಉದ್ದೇಶ.

ಮೊದಲನೆಯ ತೊಡಕು ಭಾಷೆಯದೇ. ನಾವು ತೈಲಬಾವಿ ಎನ್ನುತ್ತೇವೆ. ಕುಪ್ಪೇಲೂರಿನಂಥ ಊರಿನಿಂದ ಬಂದ ವಿದ್ಯಾರ್ಥಿಗೆ ಬಾವಿ ಎಂದೊಡನೆ ನೆನಪಾಗುವುದು ನಿಂತ ನೀರು, ಹಗ್ಗ, ಕೊಡ. ಭೂಮಿಯೊಳಗೆ ಎಣ್ಣೆಯ ಮಡುವೊಂದಿದೆಯೆಂದು ಅವನು ಭಾವಿಸಿದರೆ ತಪ್ಪು ಅವನದಲ್ಲ. ಅಲ್ಲಿ ಮಡುವಿಲ್ಲ, ಮರಳುಗಲ್ಲಿನ ಕಣಗಳ ನಡುವೆ, ಕೂದಲೆಳೆಗಿಂತ ಸಪುರವಾದ ರಂಧ್ರಗಳಲ್ಲಿ, ಎಣ್ಣೆಯು ನೀರಿನೊಡನೆ ಹಂಚಿಹೋಗಿರುತ್ತದೆ. ರಾಣೆಬೆನ್ನೂರಿನ ಹೆಸರನ್ನೇ ಹೊತ್ತ ಗ್ರೇವ್ಯಾಕ್ ಶಿಲೆಯು ಭೂವಿಜ್ಞಾನಿಗಳಿಗೆ ಪರಿಚಿತ. ಅದೂ ಒಂದು ಕಾಲಕ್ಕೆ ಜೇಡಿ ಬೆರೆತ ಮರಳೇ ಆಗಿತ್ತು. ಧಾರವಾಡ ಶಿಲಾವರ್ಗಕ್ಕೆ ಸೇರಿದ ಆ ಕಲ್ಲು 250 ಕೋಟಿ ವರ್ಷಗಳಿಗೂ ಹಳೆಯದು. ಒತ್ತಡಕ್ಕೂ ಕಾವಿಗೂ ಸಿಕ್ಕಿ ಅದರ ರಂಧ್ರಗಳು ಮುಚ್ಚಿಹೋಗಿವೆ. ಅಲ್ಲಿ ತೈಲವನ್ನರಸುವುದು ವ್ಯರ್ಥ. ಆದರೆ ತೈಲವುಳ್ಳ ಕಲ್ಲನ್ನು ಕಲ್ಪಿಸಿಕೊಳ್ಳಬೇಕಾದರೆ, ಮುಚ್ಚುವ ಮೊದಲಿನ ಆ ಮರಳನ್ನು ನೆನೆದರೆ ಸಾಕು.

ಇಂಥ ಶಿಲೆಯಿಂದ ಎಣ್ಣೆಯು ಮೊದಲು ಒಳಗಿನ ಒತ್ತಡದಿಂದ ತಾನಾಗಿ ಹೊರಬರುತ್ತದೆ. ಬಳಿಕ ನೀರನ್ನು ಒತ್ತಿ ಇನ್ನಷ್ಟನ್ನು ದೂಡುತ್ತಾರೆ. ಇಷ್ಟಾದರೂ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಪಾಲು ಒಳಗೇ ಉಳಿಯುತ್ತದೆ. ಒಂದಷ್ಟು ಉಳಿಯುವುದು ನೀರು ಅದನ್ನು ಬಳಸಿಕೊಂಡು ಬೇರೆ ದಾರಿ ಹಿಡಿದುದರಿಂದ. ಮತ್ತೊಂದಷ್ಟು, ನೀರು ಹಾಯ್ದ ದಾರಿಯಲ್ಲಿಯೇ, ಬಿಂದುಬಿಂದುವಾಗಿ ಸಿಕ್ಕಿಬಿದ್ದಿರುತ್ತದೆ. ಸರ್ಫ್ಯಾಕ್ಟಂಟಿನ ಮುಖ್ಯ ಕೆಲಸ ಈ ಎರಡನೆಯದರ ಮೇಲೆ.

ಒಂದು ಬಿಂದುವನ್ನು ಲೆಕ್ಕಕ್ಕೆ ಹಿಡಿಯೋಣ. ಅದು ಕುಳಿತ ರಂಧ್ರದ ತ್ರಿಜ್ಯ 20 ಮೈಕ್ರಾನ್, ಹಾಯ್ದುಹೋಗಬೇಕಾದ ಕಂಠದ ತ್ರಿಜ್ಯ 5 ಮೈಕ್ರಾನ್, ಬಿಂದುವಿನ ಉದ್ದ 100 ಮೈಕ್ರಾನ್, ಎಣ್ಣೆನೀರುಗಳ ನಡುವಣ ಎಳೆತ ಸೆಂಟಿಮೀಟರಿಗೆ 30 ಡೈನ್ ಎಂದಿಟ್ಟುಕೊಳ್ಳೋಣ. ಕಂಠದೊಳಗೆ ನುಸುಳಲು ಬಿಂದುವಿನ ಎರಡು ತುದಿಗಳ ನಡುವೆ ಬೇಕಾಗುವ ಒತ್ತಡದ ವ್ಯತ್ಯಾಸವು ಸುಮಾರು 9000 ಪಾಸ್ಕಲ್. ವಾಯುಭಾರದ ಹನ್ನೊಂದರಲ್ಲೊಂದು ಪಾಲು. ಅಲ್ಪವೆನಿಸುವುದಲ್ಲವೆ? ಆದರೆ ಇದು ಮಿಲಿಮೀಟರಿನ ಹತ್ತರಲ್ಲೊಂದು ದೂರಕ್ಕೆ. ಮೀಟರಿಗೆ ಗುಣಿಸಿದರೆ 900 ವಾಯುಭಾರಗಳಾಗುತ್ತವೆ. ಬಾವಿಗಳ ನಡುವಿನ ಶಿಲೆಯಲ್ಲಿ ನೀರನ್ನೊತ್ತಿ ನಾವು ಒದಗಿಸಬಲ್ಲದ್ದು ಮೀಟರಿಗೆ ಸುಮಾರು ಒಂದು ವಾಯುಭಾರದ ಐದರಲ್ಲೊಂದು ಪಾಲು ಮಾತ್ರ. ಕೊರತೆ ನಾಲ್ಕೂವರೆ ಸಾವಿರ ಪಟ್ಟು! ಈ ಕೊರತೆಯನ್ನು ಎಳೆತವನ್ನು ತಗ್ಗಿಸಿಯೇ ತುಂಬಬೇಕಾದರೆ 30 ಡೈನ್ ಇದ್ದುದು 0.007ರ ಸಮೀಪಕ್ಕೆ ಇಳಿಯಬೇಕು. ಅಂಟುವಾಳದ ದ್ರಾವಣವು ಅದನ್ನು 3ಕ್ಕೆ ಇಳಿಸಿತೆನ್ನಿ. ಪ್ರಬಂಧಕಾರರು ಅದನ್ನು ಹತ್ತು ಪಟ್ಟಿನ ಇಳಿಕೆಯೆಂದು ಹಿಗ್ಗುತ್ತಾರೆ. ಬಿಂದು ಮಾತ್ರ ಕದಲದು. ಇನ್ನೂ 450 ಪಟ್ಟು ಕೊರತೆ ಉಳಿದಿದೆ.

ಹಾಗಾದರೆ ಪ್ರಯೋಗಶಾಲೆಯಲ್ಲಿ ಎಣ್ಣೆ ಹೆಚ್ಚಾಗಿ ಬಂದುದು ಹೇಗೆ? ಬಂದುದು ಸುಳ್ಳೆಂದು ನಾನು ಹೇಳುತ್ತಿಲ್ಲ. ಗೇಣುದ್ದದ ಕಲ್ಲಿನ ತುಂಡಿಗೆ ದ್ರಾವಣವನ್ನು ರಭಸದಿಂದ ಒತ್ತಿದಾಗ ಅಲ್ಲಿ ಉಂಟಾಗುವ ಒತ್ತಡದ ಇಳಿಜಾರು ತೈಲಕ್ಷೇತ್ರದಲ್ಲಿ ಎಲ್ಲಿಯೂ ದೊರೆಯದಷ್ಟು ಕಡಿದಾಗಿರಬಹುದು. ರಂಧ್ರಗಳ ಒಟ್ಟು ಗಾತ್ರಕ್ಕಿಂತ ಹಲವು ಪಟ್ಟು ದ್ರಾವಣವನ್ನು ಹಾಯಿಸುವುದೂ ಉಂಟು. ಇದಲ್ಲದೆ ಸಾಪೋನಿನ್ನಿಗೆ ನಿಜವಾದ ಒಂದು ಗುಣವಿದೆ: ಎಣ್ಣೆಗೆ ಒಲಿದ ಕಲ್ಲಿನ ಮೈಯನ್ನು ನೀರಿಗೆ ಒಲಿಸಬಲ್ಲುದು. ಗಡಸು ನೀರಿನಲ್ಲಿ ಅದು ಸಾಬೂನಿನಂತೆ ಮೊಸರುಗಟ್ಟದಿರುವುದೂ ಗಣನೀಯವೇ. ನನ್ನ ಆಕ್ಷೇಪವಿಷ್ಟೆ: ಫಲವು ಯಾವ ಕಾರಣದಿಂದ ಬಂತೆಂಬುದನ್ನು ವಿಂಗಡಿಸದೆ ಎಲ್ಲವನ್ನೂ ಎಳೆತದ ಇಳಿಕೆಯ ಖಾತೆಗೆ ಬರೆಯುವುದು ಸಂಶೋಧನೆಯಲ್ಲ, ಗುಮಾಸ್ತಿಕೆ.

ಉಪಮೆಯು ಮರೆಸಿದ ಮತ್ತೊಂದು ಸಂಗತಿ ಕಲ್ಲಿನ ಹಸಿವು. ನಮ್ಮ ಊರಿನಲ್ಲಿ ಹಳ್ಳದ ದಂಡೆಯಲ್ಲಿ ಕಂಬಳಿ ಒಗೆಯುವಾಗ, ಎರೆಮಣ್ಣು ಮೆತ್ತಿದ ಕಂಬಳಿಗೆ ನಮ್ಮ ಅವ್ವ ಅಂಟುವಾಳವನ್ನು ಇಮ್ಮಡಿ ಹಾಕುತ್ತಿದ್ದಳು. ಮಣ್ಣು ನೊರೆಯನ್ನು ತಿನ್ನುತ್ತದೆ ಎಂಬುದು ಅವಳ ವಿವರಣೆ. ಅಧಿಶೋಷಣೆಗೆ ಇದಕ್ಕಿಂತ ನೇರವಾದ ಲಕ್ಷಣವನ್ನು ನಾನು ಪುಸ್ತಕಗಳಲ್ಲಿ ಕಂಡಿಲ್ಲ. ತೈಲಶಿಲೆಯಲ್ಲಿಯೂ ಜೇಡಿ ಇರುತ್ತದೆ. ನೂರಕ್ಕೆ 20 ಪಾಲು ರಂಧ್ರವಿರುವ ಒಂದು ಘನಮೀಟರ್ ಮರಳುಗಲ್ಲಿನಲ್ಲಿ ಘನಪದಾರ್ಥ ಸುಮಾರು 2100 ಕಿಲೋ. ಗ್ರಾಮೊಂದಕ್ಕೆ ಒಂದು ಮಿಲಿಗ್ರಾಮಿನಂತೆ ಹಿಡಿದುಕೊಂಡರೂ ಕಲ್ಲು ನುಂಗುವುದು 2.1 ಕಿಲೋ ಸರ್ಫ್ಯಾಕ್ಟಂಟನ್ನು. ರಂಧ್ರಗಳನ್ನೆಲ್ಲ ನೂರಕ್ಕೆ ಒಂದರ ದ್ರಾವಣದಿಂದ ತುಂಬಿದರೂ ಅದರಲ್ಲಿರುವುದು ಎರಡೇ ಕಿಲೋ! ರಂಧ್ರದ ನೂರಕ್ಕೆ 30 ಪಾಲು ಎಣ್ಣೆ ಉಳಿದಿದೆಯೆಂದರೆ ಅದು 60 ಲೀಟರು. ಕಾಯಿಯ ತೊಗಟೆಯಲ್ಲಿ ಹತ್ತರಲ್ಲೊಂದು ಪಾಲು ಸಾಪೋನಿನ್ ಎಂದು ಹಿಡಿದರೆ, ಅಷ್ಟು ಎಣ್ಣೆಯ ಆಸೆಗಾಗಿ 21 ಕಿಲೋ ತೊಗಟೆಯನ್ನು ಕಲ್ಲಿಗೆ ಉಣಿಸಬೇಕಾಯಿತು. ಕಾಯಿ ಅಗ್ಗವೆಂಬ ಮಾತು ಇಲ್ಲಿಗೆ ಮುಗಿಯಿತು.

ವಾಸ್ತವವಾಗಿ ಉಪಮೆಯನ್ನು ಬಳಸಲೇಬೇಕೆಂದಿದ್ದರೆ ಅಂಟುವಾಳಕ್ಕಿಂತ ಅಗಸರ ಸವಳುಮಣ್ಣು ಹೆಚ್ಚು ಹೊಂದುತ್ತಿತ್ತು. ಸವಳಿನ ಕ್ಷಾರವು ಬಟ್ಟೆಯ ಜಿಡ್ಡಿನೊಡನೆ ಕೂಡಿ ಅಲ್ಲಿಯೇ ಸಾಬೂನಾಗುತ್ತದೆ. ಆಮ್ಲಾಂಶವುಳ್ಳ ಖನಿಜತೈಲವೂ ಹಾಗೆಯೇ: ಕ್ಷಾರವನ್ನು ಒತ್ತಿದರೆ ಶಿಲೆಯೊಳಗೇ ಸಾಬೂನು ಹುಟ್ಟುತ್ತದೆ. ಕ್ಷಾರವು ಅಧಿಶೋಷಣೆಯನ್ನೂ ತಗ್ಗಿಸುವುದರಿಂದ, ಬೆಲೆಯುಳ್ಳ ಸರ್ಫ್ಯಾಕ್ಟಂಟು ಸ್ವಲ್ಪವೇ ಸಾಕಾಗುತ್ತದೆ. ಇವೆರಡರ ಬೆನ್ನಿಗೆ, ನೀರು ಅಡ್ಡದಾರಿ ಹಿಡಿಯದಂತೆ ಅದನ್ನು ಗಟ್ಟಿಗೊಳಿಸುವ ಪಾಲಿಮರನ್ನು ಕಳುಹಿಸುತ್ತಾರೆ. ಗುಜರಾತಿನ ವಿರಾಜ್ ಕ್ಷೇತ್ರದಲ್ಲಿ 2002ರಲ್ಲಿ ಈ ಮೂರನ್ನೂ ಕೂಡಿಸಿದ ಪ್ರಯೋಗ ಮೊದಲಾಯಿತು. ರಾಜಸ್ಥಾನದ ಬಾಡಮೇರಿನ ಮಂಗಳಾ ಕ್ಷೇತ್ರವು 2004ರಲ್ಲಿ ಪತ್ತೆಯಾಗಿ 2009ರಲ್ಲಿ ಉತ್ಪಾದನೆಗೆ ತೊಡಗಿತು. ಅಲ್ಲಿಯೂ ಪಾಲಿಮರ್ ಪ್ರವಾಹದ ಜೊತೆಗೆ ಈ ತ್ರಿವಿಧ ಪ್ರಯೋಗವನ್ನು ಸಣ್ಣ ಪ್ರಮಾಣದಲ್ಲಿ ನಡೆಸಿ ನೋಡಿದರು. (ಆ ಮಂಗಳಾ ತೈಲವು ನಮ್ಮ ಮಂಗಳೂರಿನ ಶುದ್ಧೀಕರಣಾಗಾರಕ್ಕೂ ಬಂದಿತ್ತು, ಹೆಸರಿನ ಸಾಮ್ಯವು ಕೇವಲ ಆಕಸ್ಮಿಕ.) ಇಂಥಲ್ಲಿ ತೊಡಕು ಬರುವುದು ಉಪಮೆ ತಲಪದ ಜಾಗಗಳಲ್ಲಿ: ಕ್ಷಾರದಿಂದ ಕೊಳವೆಗಳಲ್ಲಿ ಗಸಿ ಕಟ್ಟುವುದು, ಹೊರಬಂದ ಎಣ್ಣೆನೀರುಗಳು ಬೇರ್ಪಡದೆ ಮಜ್ಜಿಗೆಯಂತೆ ನಿಲ್ಲುವುದು.

ಆದುದರಿಂದ ಅಂಟುವಾಳವನ್ನು ಆರಿಸಿಕೊಂಡು ಬರುವ ವಿದ್ಯಾರ್ಥಿಯನ್ನು ನಾನು ಹಿಂದಕ್ಕೆ ಕಳುಹಿಸುವುದಿಲ್ಲ. ಕಲ್ಲನ್ನು ಮಾತ್ರ ಬದಲಿಸಲು ಹೇಳುತ್ತೇನೆ. ರಾಣೆಬೆನ್ನೂರಿನ ಗ್ಯಾರೇಜುಗಳ ಅಂಗಳದಲ್ಲಿ ಎಣ್ಣೆ ಕುಡಿದು ಕಪ್ಪಾದ ಮಣ್ಣಿಗೆ ಬರವಿಲ್ಲ. ಅದನ್ನು ಅಗೆದು ತರಬಹುದು, ಪಾತ್ರೆಯಲ್ಲಿ ಹಾಕಿ ಕದಡಬಹುದು. ಮೀಟರಿಗಿಷ್ಟು ಒತ್ತಡವೆಂಬ ಕಟ್ಟು ಅಲ್ಲಿಲ್ಲ, ಮೂರು ಡೈನಿನ ಎಳೆತವೂ ಅಲ್ಲಿ ಉಪಯೋಗಕ್ಕೆ ಬಂದೀತು. ಕೆಂಪು ಮರಳುಮಣ್ಣನ್ನೂ ಎರೆಮಣ್ಣನ್ನೂ ಬೇರೆಬೇರೆಯಾಗಿ ತೊಳೆದು, ಬಿಟ್ಟ ಎಣ್ಣೆಯೆಷ್ಟು, ಮಣ್ಣು ತಿಂದ ಸಾಪೋನಿನ್ ಎಷ್ಟು ಎಂಬ ಎರಡನ್ನೂ ಅಳೆದು ತರಬೇಕು. ಒಂದನ್ನೇ ಅಳೆದು ತಂದರೆ ಪ್ರಬಂಧವನ್ನು ನಾನು ಸ್ವೀಕರಿಸುವುದಿಲ್ಲ.